ಬಾಟಲಿಗೆ ಬಂದ ಬ್ಯಾನಿ

ಮನೆಯಲ್ಲಿ ಗಂಡಸಿಗೆ ಮರ್ಯಾದೆ ಸಿಗಬೇಕಾದರೆ ದೊಡ್ಡದೊಂದು ಕಾಯಿಲೆಯೇ ಬರಬೇಕು. ಹರ್ನಿಯಾದಂಥ ಚಿಲ್ಲರೆ ಬ್ಯಾನಿಗೆ ಯಾರೂ ಕಿಮ್ಮತ್ತು ಕೊಡುವುದಿಲ್ಲ. ಬ್ಯಾಡಗಿಯ ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಎತ್ತಲು ಹೋಗಿ ನನಗೆ ಅದು ಬಂದಾಗ ಹೆಂಡತಿ ಗಿರಿಜಾ ಅಂದದ್ದು ಇಷ್ಟೇ: “ಹಮಾಲರಿದ್ದಾಗ ನಿಮಗ್ಯಾಕ ಬೇಕಿತ್ತರಿ ಈ ಪೈಲ್ವಾನಕಿ?”

ಆಪರೇಷನ್ನಿಗೆಂದು ರಾಣೆಬೆನ್ನೂರಿಗೆ ಹೋದೆವು. ರಕ್ತದ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಡಾಕ್ಟರು ಕನ್ನಡಕ ಒರೆಸಿದರೆ ಒಳ್ಳೆಯ ಸುದ್ದಿ ಇರುವುದಿಲ್ಲ. “ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಭಾಳ ಕಡಿಮಿ ಅದಾವ್ರಿ. ಈಗ ಕೊಯ್ದರ ರಕ್ತ ನಿಲ್ಲೂದಿಲ್ಲ” ಎಂದು ಆಪರೇಷನ್ ಮುಂದೂಡಿದರು. ಮತ್ತೆ ಪರೀಕ್ಷಿಸಿದರೂ ಅದೇ ಹಾಡು. ಎಲುಬಿನ ಮಜ್ಜೆಯನ್ನೂ ನೋಡಬೇಕಾದೀತು ಎಂದಾಗ ಗಿರಿಜಾಳ ಮುಖ ಬಿಳಿಚಿತು.

ಮನೆಗೆ ಬಂದವಳೇ ಪಪ್ಪಾಯಿ ಎಲೆ ಅರೆದು ರಸ ಕುಡಿಸಿದಳು. ಆ ಕಹಿಗೆ ಯಮನೂ ಎದ್ದು ಹೊರಗೆ ಹೋಗಬೇಕು. ಅದಕ್ಕಿಂತ ಹೆದರಿಕೆಯಾದದ್ದು, ಅವಳು ನನ್ನನ್ನು ಒಮ್ಮೆಯೂ ಗದರದಿದ್ದದ್ದು. ಟ್ರ್ಯಾಕ್ಟರ್ ಯಾರ ಬಾಗಿಲ ಮುಂದೆ ನಿಲ್ಲಬೇಕೆಂಬ ಜಗಳದಲ್ಲಿ ಮಾತು ಬಿಟ್ಟಿದ್ದ ತಮ್ಮ ಬಸಣ್ಣ ನಮ್ಮ ಹುಟ್ಟೂರು ಅಗಡಿಯಿಂದ ಓಡಿಬಂದು, ಬಾಗಿಲಲ್ಲೇ ಅಂಗಿಯ ತೋಳೇರಿಸಿದ. “ರಕ್ತ ಬೇಕಾದ್ರ ನಂದು ತಗೊಳ್ಳಲಿ ಅಣ್ಣಾ. ಜಗಳ ಆಮ್ಯಾಲ ಮಾಡೂಣಂತ.” ನನ್ನ ಕಣ್ಣು ತುಂಬಿತು. ಅವನು ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡ.

ಇನ್ನೊಬ್ಬರಿಗೂ ತೋರಿಸೋಣವೆಂದು ಮೂವರೂ ಹಾವೇರಿಯ ಲ್ಯಾಬಿನ ಡಾಕ್ಟರಮ್ಮನ ಬಳಿ ಹೋದೆವು. “ಗಾಯ ಆದ್ರ ರಕ್ತ ಲಗೂ ನಿಲ್ಲತೈತೇನ್ರಿ?” ಎಂದು ಆಕೆ ಕೇಳಿದರು. ಉತ್ತರ ಗಿರಿಜಾ ಕೊಟ್ಟಳು: “ಗಡ್ಡ ಮಾಡ್ಕೊಳ್ಳುವಾಗ ದಿನಾ ಕೊಯ್ಕೋತಾರ್ರಿ. ನಾ ಹತ್ತಿ ತರೂದ್ರಾಗ ನಿಂತಿರತೈತ್ರಿ.”

ಡಾಕ್ಟರಮ್ಮ ನೇರಳೆ ಮುಚ್ಚಳದ ಬಾಟಲಿಗೆ ನನ್ನ ರಕ್ತ ತೆಗೆದು, ಅದರ ಹನಿಯೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನಕ್ಕರು. “ನಿಮ್ಮ ಪ್ಲೇಟ್‌ಲೆಟ್ ಎಲ್ಲೂ ಹೋಗಿಲ್ರಿ. ಎಲ್ಲಾ ಕಡೆ ಎಣಿಸಾಕ ಬಳಸೋ ಈ ನೇರಳೆ ಮುಚ್ಚಳದ ಬಾಟಲಿಯೊಳಗ ರಕ್ತ ಹೆಪ್ಪುಗಟ್ಟಬಾರದಂತ ಔಷಧ ಹಾಕಿರತಾರ. ಅಪರೂಪಕ್ಕ ಒಬ್ಬೊಬ್ಬರ ಪ್ಲೇಟ್‌ಲೆಟ್ ಅದರಾಗ ಒಂದಕ್ಕೊಂದು ಅಂಟಿ ಗುಂಪಾಗಿ ಕುಂದರತಾವು. ಆ ಗುಂಪು ಎಣಿಸಾಕ ಮಷೀನಿಗೆ ಬರೂದಿಲ್ಲ. ಅವು ಸರಿ ಕೆಲಸ ಮಾಡತಾವಿಲ್ಲೋ ನೋಡಬೇಕಂದ್ರೂ ಆ ಬಾಟಲಿ ನಡಿಯೂದಿಲ್ಲ.” ಆಮೇಲೆ ಸಿಟ್ರೇಟ್ ಎಂಬ ಬೇರೆ ಔಷಧವಿದ್ದ ನೀಲಿ ಮುಚ್ಚಳದ ಬಾಟಲಿಗೆ ರಕ್ತ ತೆಗೆದು ಎಣಿಸಿದರು. ಎಲ್ಲವೂ ಹಾಜರಿದ್ದವು! ಕಾಯಿಲೆ ನನಗಲ್ಲ, ಬಾಟಲಿಗೆ ಬಂದಿತ್ತು.

ಗಿರಿಜಾ ಬೆಂಚಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅತ್ತು ಮುಗಿದ ಕೂಡಲೇ, “ಹಗಲೆಲ್ಲಾ ಜೀವಾ ತಿಂದ್ರಿ ನೋಡ್ರಿ!” ಎಂದು ಗದರಿದಳು. ಆಹಾ, ಎಷ್ಟು ಹಿತವಾಗಿತ್ತು! ಬಸಣ್ಣ ತೋಳಿಳಿಸಿಕೊಂಡು ನನ್ನ ಬೆನ್ನಿಗೊಂದು ಗುದ್ದಿದ. ಅಷ್ಟರಲ್ಲಿ ಡಾಕ್ಟರಮ್ಮನಿಂದ ಸುದ್ದಿ ತಿಳಿದ ರಾಣೆಬೆನ್ನೂರಿನ ಡಾಕ್ಟರು ಫೋನಿನಲ್ಲಿ, “ಭಾಳ ಛಲೋ ಆತ್ರಿ! ನಾಳೆನೇ ಬಂದುಬಿಡ್ರಿ, ಕೊಯ್ದು ಮುಗಿಸೂಣು” ಎಂದರು.

ಸಾವನ್ನೇ ಗೆದ್ದವನಂತೆ ಎದೆಯುಬ್ಬಿಸಿ ನಿಂತಿದ್ದ ನಾನು, ಕೊಯ್ಯುವ ಮಾತು ಕಿವಿಗೆ ಬಿದ್ದದ್ದೇ ಡಾಕ್ಟರಮ್ಮನ ಕಡೆ ಬಾಗಿ ಮೆಲ್ಲಗೆ ಕೇಳಿದೆ: “ಮೇಡಂ, ಬ್ಯಾರೆ ಬಣ್ಣದ ಮುಚ್ಚಳ ಇನ್ನ್ಯಾವುದಾದ್ರೂ ಐತೇನ್ರಿ?”