ಸೌಂಡ್ ಬಾಡಿಗೆಗೆ ಕೊಡುತ್ತೇವೆ

ಮೈಕು ಬಾಡಿಗೆಗೆ ಕೊಡುವವರ ಪಾಲಿಗೆ ಹಾಡಿಗಿಂತ ಹಾಡಿನ ಆಚೀಚೆ ನಡೆಯುವುದೇ ಜಾಸ್ತಿ. ಬಸವೇಶ್ವರನಗರದ ಶಾಲೆಯಲ್ಲಿ ಸಂಗೀತದ ಮೇಡಂ ಆಗಿದ್ದ ನಾನು, ಪ್ರತಿ ವಾರ್ಷಿಕೋತ್ಸವದಲ್ಲೂ ಬಾಡಿಗೆ ಮೈಕು ಕೈಕೊಡುವುದನ್ನು ನೋಡಿ ನೋಡಿ ಸಾಕಾಗಿ, ಕೆಲಸ ಬಿಟ್ಟು ನಾನೇ ಈ ಬಿಸಿನೆಸ್ ಶುರು ಮಾಡಿದೆ. ಆವತ್ತಿಂದ ನಗುವಿಗೆ ಬರವಿಲ್ಲ.

ಒಣಗದ ಸೀರೆ

ಗೋಡೌನ್ ಸಿಗುವವರೆಗೆ ಸಾಮಾನೆಲ್ಲ ನಮ್ಮನೆ ಹಾಲ್‌ನಲ್ಲೇ. ಎದುರುಮನೆ ಆಂಟಿ ಇಣುಕಿ, ಆಳೆತ್ತರದ ಸ್ಪೀಕರ್‌ಗಳನ್ನು ನೋಡಿ, "ಇಷ್ಟೊಂದು ಫ್ರಿಜ್ ಯಾಕ್ರೀ?" ಎಂದರು.

ಹೊರಗೆ ಮಳೆ ಹಿಡಿದಿತ್ತು. ನಾನು ತರಕಾರಿ ತಂದು ಗೇಟು ತೆಗೆಯುವಾಗ ನಮ್ಮ ಮೊಟ್ಟಮೊದಲ ಗಿರಾಕಿ ಬಾಗಿಲಲ್ಲಿ ನಿಂತಿದ್ದ. "ಮೈಕ್ ಸ್ಟ್ಯಾಂಡ್ ಬೇಕಿತ್ತಮ್ಮ, ಅರ್ಜೆಂಟು."

ನಮ್ಮತ್ತೆ ಒಳಗಿಂದಲೇ ಹೇಳಿದರು: "ಸಾಯಂಕಾಲ ಬಾಪ್ಪ. ಅದರ ಮೇಲಿನ ಸೀರೆ ಇನ್ನೂ ಒಣಗಿಲ್ಲ."

ಪುಣ್ಯವಂತರು

ಬಾಪೂಜಿ ನಗರದಲ್ಲೊಂದು ಸಂಘದ ರಾಜ್ಯೋತ್ಸವ. ಅಧ್ಯಕ್ಷರು ಬಂದು, "ಸೌಂಡ್‌ನೋರು ಎಲ್ಲಮ್ಮ?" ಎಂದರು.

"ನಾನೇ ಸಾರ್."

"ನಿಮ್ಮೆಜಮಾನ್ರು?"

"ಮನೇಲಿ ಅಡುಗೆ ಮಾಡ್ತಿದಾರೆ."

ಅಲ್ಲಿಗೆ ಅವರಿಗೆ ನನ್ನ ಮೇಲಿನ ನಂಬಿಕೆ ಹೋಯಿತು. ಹಾಡುವವರಿಗೆ ತಮ್ಮ ದನಿ ಕೇಳಲಿ ಅಂತ ವೇದಿಕೆ ಮೇಲೆ ಅವರ ಕಡೆ ಮುಖ ಮಾಡಿ ಒಂದು ಸ್ಪೀಕರ್ ಇಡುತ್ತೇವೆ. "ಜನಕ್ಕೆ ಬೆನ್ನು ತೋರಿಸ್ತಿದೆಯಲ್ರೀ, ಮರ್ಯಾದೆ ಬೇಡ್ವಾ?" ಎಂದವರೇ, ನಾನು ಆಚೆ ವೈರ್ ಎಳೆಯುವಷ್ಟರಲ್ಲಿ ಅದನ್ನು ತಿರುಗಿಸಿಟ್ಟರು. ಗಾಯಕರು ಶ್ರುತಿ ತಪ್ಪಿ ಎಲ್ಲೆಲ್ಲೋ ಅಲೆದಾಡತೊಡಗಿದರು. ನಾನು ಓಡಿಬಂದೆ. "ಸಾರ್, ಅವರ ಹಾಡು ಅವರಿಗೇ ಕೇಳಿಸ್ತಿಲ್ಲ!"

"ಪುಣ್ಯವಂತರು ಕಣಮ್ಮ," ಎಂದರು ಅಧ್ಯಕ್ಷರು. "ನಮಗೆ ಕೇಳಿಸ್ತಿದೆ."

ಮೊದಲನೇ ಪಂಕ್ತಿ

ಕೆಂಗೇರಿ ಉಪನಗರದ ಛತ್ರದಲ್ಲಿ ಆರತಕ್ಷತೆ. ಇದು ಚೆನ್ನಾಗಾದರೆ ಮುಂದಿನ ಮದುವೆಗಳೂ ನಿಮಗೇ ಎಂದಿದ್ದರು ಛತ್ರದವರು. ಹುಡುಗಿಯ ತಂದೆ ಕಾಲರ್ ಮೈಕ್ ಸಿಕ್ಕಿಸಿಕೊಂಡು ಎಲ್ಲರನ್ನೂ ಸ್ವಾಗತಿಸಿ, ಅದನ್ನು ತೆಗೆಯದೆ ಕೆಳಗಿನ ಊಟದ ಹಾಲ್‌ಗೆ ಹೋದರು. ಗಾಯಕಿ ಇನ್ನೇನು ಬಾಯಿ ತೆರೆಯಬೇಕು, ಸ್ಪೀಕರ್‌ಗಳಲ್ಲಿ ಹುಡುಗಿಯ ತಂದೆಯ ದನಿ:

"ಒಬ್ಬಟ್ಟು ಎಲ್ಲಾರ್ಗೂ ಆಗುತ್ತೇನ್ರೀ?"

"ಮೊದಲ್ನೇ ಪಂಕ್ತಿಗೆ ಆಗುತ್ತೆ ಸಾರ್," ಅಡುಗೆಯವರ ದನಿ. "ಆಮೇಲೆ ಬರೋರ್ಗೆ ಬರೀ ಪಾಯಸ."

"ಮೆಲ್ಲಗೆ ಹೇಳ್ರೀ, ಯಾರಾದ್ರೂ ಕೇಳಿಸ್ಕೊಂಡಾರು!"

ನಾನು ತಡಕಾಡಿ ಆ ಕಾಲರ್ ಮೈಕು ಆಫ್ ಮಾಡುವಷ್ಟರಲ್ಲಿ ಸಭೆ ಎದ್ದು ಮೆಟ್ಟಿಲಿಳಿಯುತ್ತಿತ್ತು. ಖಾಲಿ ಕುರ್ಚಿಗಳನ್ನು ನೋಡಿದ ಗಾಯಕಿ, ಮೈಕಲ್ಲೇ ಕೂಗಿದರು: "ಅಣ್ಣಾ, ನನಗೂ ಒಂದೆಲೆ ಹಿಡ್ಕೊಳ್ಳಿ!"

ಹಿಂದಿನಿಂದ ಮದುಮಗ ಓಡಿಬಂದು ಅದೇ ಮೈಕಿಗೆ ಬಾಯಿಟ್ಟ: "ನಮಗೆರಡು!"