ಸೋನಾಲಿಯ ಒಣ ಸ್ಕರ್ಟಿನ ವಿಷಯ

ಡೊಂಬಿವಲಿ ಪೂರ್ವದ ಹೊಂಬೆಳಗು ವಿದ್ಯಾಲಯದ ಸೀನಿಯರ್ ಕೆ.ಜಿ.ಯಲ್ಲಿ ಮಕ್ಕಳ ಮೂತ್ರವು ಜುಲೈ ಹದಿನೇಳರ ತನಕ ಸರಿಯಾಗಿ ದಾಖಲಾಗಿರಲಿಲ್ಲ. ಆ ಕೊರತೆಯನ್ನು ತುಂಬಿದವರು ದಾನೇಶ್ವರಿಬಾಯಿ. ಧಾರವಾಡದಲ್ಲಿ ಓದಿದ ಬಿ.ಎ., ಅದೂ ಫಸ್ಟ್ ಕ್ಲಾಸ್. ಮನೆಯ ಗ್ಯಾಸ್ ಸಿಲಿಂಡರ್ ಯಾವ ದಿನ ಹಚ್ಚಿದ್ದು, ಯಾವ ದಿನ ಮುಗಿದದ್ದು ಎಂಬುದಕ್ಕೆ ಅವರಲ್ಲಿ ಮೂವತ್ತೊಂದು ವರ್ಷದ ದಾಖಲೆ ಇತ್ತು. ಹೀಗಾಗಿ ಐದು ವರ್ಷದ ಮೊಮ್ಮಗಳು ಸೋನಾಲಿ ಒಂದೇ ತಿಂಗಳಲ್ಲಿ ಒಂಬತ್ತು ಸಲ ಒದ್ದೆ ಸ್ಕರ್ಟಿನಲ್ಲಿ ಮನೆಗೆ ಬಂದಾಗ ಅವರು ಬೈಯಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಇನ್ನೂರು ಪುಟದ ಹೊಸ ನೋಟ್‌ಬುಕ್ ತರಿಸಿದರು.

ಶಾಲೆಯಿಂದ ನೋಟೀಸೂ ಬಂತು: "ತಿಂಗಳಿಗೆ ಮೂರಕ್ಕಿಂತ ಹೆಚ್ಚು ಬಾರಿ ಒದ್ದೆಯಾಗುವ ವಿದ್ಯಾರ್ಥಿಯು ತಜ್ಞರ ಅಭಿಪ್ರಾಯವನ್ನು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಒಂದನೇ ಇಯತ್ತೆಯ ಪ್ರವೇಶವನ್ನು ಪರಿಗಣಿಸಲಾಗುವುದಿಲ್ಲ."

ದಾನೇಶ್ವರಿಬಾಯಿ ಒಬ್ಬರ ಮಾತಿಗೆ ತೃಪ್ತರಾಗುವವರಲ್ಲ. ನೌಪಾಡಾದ ಮಕ್ಕಳ ಡಾಕ್ಟರು, ಗಂಟೆಗೊಮ್ಮೆ ನೀರು ಕುಡಿಸಿ ಎಂದರು. ಖಾರಘರದ ಮೂತ್ರತಜ್ಞರು, ಮೂರು ಗಂಟೆ ತಡೆದುಕೊಳ್ಳುವ ಅಭ್ಯಾಸ ಮಾಡಿಸಿ ಎಂದರು. ಮಹಾಪೆಯ ಮನಃಶಾಸ್ತ್ರಜ್ಞೆಯಂತೂ, ಮಗುವಿನ ಮುಂದೆ ಈ ವಿಷಯವನ್ನು ಎತ್ತಲೇಕೂಡದೆಂದು ಮಗುವಿನ ಮುಂದೆಯೇ ನಲವತ್ತು ನಿಮಿಷ ವಿವರಿಸಿದರು.

ಮೂರು ಕಾಗದಕ್ಕೂ ಸೀಲಿದ್ದುದರಿಂದ ಮುಖ್ಯೋಪಾಧ್ಯಾಯಿನಿ ವಿನೋದಾ ಟೀಚರ್ ಮೂರನ್ನೂ ಒಟ್ಟಿಗೆ ಜಾರಿಗೆ ತಂದರು. ಸೋನಾಲಿ ಗಂಟೆಗೊಮ್ಮೆ ಕುಡಿದಳು, ಮೂರು ಗಂಟೆ ತಡೆದಳು, ಯಾರೂ ಏನೂ ಮಾತಾಡಲಿಲ್ಲ. ಆ ವಾರ ಐದು ದಿನ, ಐದು ಸ್ಕರ್ಟು.

"ಉಚ್ಚಿ ಬಂದಾಗ ಟೀಚರ್‌ಗೆ ಹೇಳಬೇಕಿಲ್ಲೇನ ತಂಗಿ?" ಎಂದು ದಾನೇಶ್ವರಿಬಾಯಿ ಕೊನೆಗೆ ಮಗುವನ್ನೇ ಕೇಳಿದರು.

"ಸಾಂಗಿತ್ಲಂ ನಾ, ಅಜ್ಜಿ! ಪಣ ತಿಕಡೆ ಕುಲೂಪ್ ಆಹೆ."

ಹೇಳಿದ್ದಳಂತೆ. ಆದರೆ ಶೌಚಾಲಯಕ್ಕೆ ಬೀಗವಂತೆ. ಮೂವರು ತಜ್ಞರೂ ಕೇಳದೆ ಬಿಟ್ಟ ಮಾಹಿತಿ ಇದು. ಅಜ್ಜಿ ಸೀದಾ ಶಾಲೆಗೆ ನಡೆದರು.

"ಬೀಗ ಉಂಟಲ್ಲ ಅಮ್ಮ," ವಿನೋದಾ ಟೀಚರ್ ಹೆಮ್ಮೆಯಿಂದ ಒಪ್ಪಿಕೊಂಡರು. "ಸ್ವಚ್ಛ ಶೌಚಾಲಯ ಸ್ಪರ್ಧೆಯಲ್ಲಿ ನಮ್ಮದು ಮೊದಲನೇ ಸುತ್ತಿಗೇ ಪ್ರಥಮ. ಫೈನಲ್ ತಪಾಸಣೆ ಬಾಕಿ. ಅಷ್ಟರವರೆಗೆ ಒಳಗೆ ಯಾರೂ ಕಾಲಿಡುವಂತಿಲ್ಲ."

"ತಪಾಸಣೆ ಯಾವಾಗ್ರೀ?"

"ಮಾರ್ಚಿನೊಳಗೆ ಯಾವಾಗಲಾದರೂ. ಮೊದಲೇ ತಿಳಿಸುವುದಿಲ್ಲ, ಅದೇ ಅದರ ವಿಶೇಷ."

"ಅಲ್ಲೀತನಕ ಹುಡುಗ್ರು ಎಲ್ಲಿ ಹೋಗಬೇಕ್ರೀ?"

"ಬೇರೆ ಮಕ್ಕಳದ್ದು ತಕರಾರೇ ಇಲ್ಲವಲ್ಲ ಅಮ್ಮ. ನಿಮ್ಮವಳೊಬ್ಬಳದ್ದೇ."

ಈ ಕೊನೆಯ ಮಾತು ದಾನೇಶ್ವರಿಬಾಯಿಗೆ ಚುಚ್ಚಿತು. ಮರುದಿನದಿಂದ ಗೇಟಿನೆದುರಿನ ಕಿಟ್ಟಣ್ಣನ ಹೋಟೆಲಿನಲ್ಲಿ ಕುರ್ಚಿ ಹಾಕಿ ಕುಳಿತು, ಶಾಲೆ ಬಿಟ್ಟಾಗ ಹೊರಬರುವ ಒಂದೊಂದು ಚಡ್ಡಿ, ಒಂದೊಂದು ಸ್ಕರ್ಟನ್ನೂ ಗುರುತು ಹಾಕಿಕೊಂಡರು. ಮಕ್ಕಳು ಬ್ಯಾಗನ್ನು ಹಿಂದಿನಿಂದ ಕೆಳಕ್ಕೆ ಇಳಿಬಿಟ್ಟುಕೊಂಡು ನಡೆಯುವುದರ ಕಾರಣ ಅವರಿಗೆ ಆಗ ತಿಳಿಯಿತು.

ಕಿಟ್ಟಣ್ಣ ಎರಡು ದಿನ ನೋಡಿದ. "ಬರೆಯುವುದು ಆಮೇಲೆ ಮಾರಾಯ್ರೆ. ರಿಸೆಸಿನಲ್ಲಿ ಮಗುವನ್ನು ಇಲ್ಲಿಗೇ ಕರ್ಕೊಂಡು ಬನ್ನಿ. ಕೈ ತೊಳೆಯುವಲ್ಲಿಂದ ಎಡಕ್ಕೆ ತಿರುಗಿದರೆ ಆಯ್ತು."

ಡಬ್ಬಿ ತಿನ್ನಿಸಲು ಪೋಷಕರು ಮಕ್ಕಳನ್ನು ರಿಸೆಸಿನಲ್ಲಿ ಹೊರಗೆ ಕರೆದೊಯ್ಯಬಹುದೆಂಬ ನಿಯಮವಿತ್ತು. ಸೋನಾಲಿ ಎಡಕ್ಕೆ ತಿರುಗಿದಳು. ಅಂದಿನಿಂದ ಸ್ಕರ್ಟು ಒಣಗಿಯೇ ಇತ್ತು. ಇದು ಯಾವ ತಜ್ಞರ ಸಲಹೆಯೂ ಅಲ್ಲವಾದ್ದರಿಂದ ನೋಟ್‌ಬುಕ್ಕಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಎರಡು ವಾರದ ದಾಖಲೆಯ ಝೆರಾಕ್ಸ್ ಶಾಲೆಯ ಆಡಳಿತ ಮಂಡಳಿಗೆ ತಲುಪಿತು. ಸೋನಾಲಿಯನ್ನು ಬಿಟ್ಟರೆ ತರಗತಿಯ ಮೂವತ್ತಕ್ಕೆ ಮೂವತ್ತೂ ಮಕ್ಕಳು ಒದ್ದೆ. ಮಂಡಳಿ ಮೂರು ತಾಸು ಚರ್ಚಿಸಿತು. ಬೀಗ ಅಜೆಂಡಾದಲ್ಲಿ ಇರಲಿಲ್ಲ. ಸೋಮವಾರ ಸುತ್ತೋಲೆ ಹೊರಬಿತ್ತು:

"ಶ್ರೀಮತಿ ದಾನೇಶ್ವರಿಬಾಯಿ, ಬಿ.ಎ., ಇವರ ಅಮೂಲ್ಯ ಅಧ್ಯಯನದಿಂದ, ಈ ವಯಸ್ಸಿನಲ್ಲಿ ಒದ್ದೆಯಾಗುವುದೇ ಸಹಜ ಬೆಳವಣಿಗೆಯೆಂದು ಸಾಬೀತಾಗಿದೆ. ಆದಕಾರಣ ಹಿಂದಿನ ನೋಟೀಸನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಒಣ ಸಮವಸ್ತ್ರದಲ್ಲಿ ಮನೆಗೆ ಹೋಗುವ ವಿದ್ಯಾರ್ಥಿಯ ಬೆಳವಣಿಗೆ ಕುಂಠಿತವೆಂದು ಭಾವಿಸಿ, ಒಂದನೇ ಇಯತ್ತೆಯ ಪ್ರವೇಶವನ್ನು ತಡೆಹಿಡಿಯಲಾಗುವುದು."

ದಾನೇಶ್ವರಿಬಾಯಿ ಅದನ್ನು ಎರಡು ಸಲ ಓದಿದರು. ಬಿ.ಎ.ಗೆ ಎರಡೂ ಚುಕ್ಕೆ ಸರಿಯಾಗಿ ಬಿದ್ದಿದ್ದವು.

"ಅತ್ತಿ, ಈಗ ಒಣ ಇರಾಕಿ ನಮ್ಮ ಸೋನಾಲಿ ಒಬ್ಬಾಕೀನ," ಎಂದಳು ಸೊಸೆ ಪೂನಂ. "ಇದು ತಪ್ಪಂತ ಹೋಗಿ ಹೇಳ್ರಿ ಅವರಿಗೆ."

"ಹೆಂಗ ಹೇಳ್ಲವಾ? ಅಂಕಿ ಎಲ್ಲಾ ನನ್ನವ. ತಪ್ಪು ಅಂದ್ರ ನನ್ನ ದಾಖಲೆ ತಪ್ಪು ಅಂದಂಗ ಆತು."

ಪೂನಂಗೂ ಮಗಳ ಸೀಟು ಬೇಕಿತ್ತು.

ಮರುದಿನ ರಿಸೆಸಿನಲ್ಲಿ ಸೋನಾಲಿ ಎಡಕ್ಕೆ ತಿರುಗಿ ಬಂದ ಮೇಲೆ, ಅಜ್ಜಿ ವಾಟರ್‌ಬ್ಯಾಗಿನ ಮುಚ್ಚಳದಲ್ಲಿ ಅಳೆದು ಎರಡು ಮುಚ್ಚಳ ನೀರನ್ನು ಸ್ಕರ್ಟಿನ ಹಿಂಭಾಗಕ್ಕೆ ಹಾಕಿದರು.

"ಅಜ್ಜಿ, ಥಂಡ ಆಹೆ!"

"ಸುಮ್ನಿರವಾ. ಒಂದನೇ ಇಯತ್ತೆಗೆ ಹೋಗಬೇಕಿಲ್ಲೇನ?"

ಸುದ್ದಿ ಉಳಿದ ತಾಯಂದಿರಿಗೂ ಮುಟ್ಟಿತು. ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ಮೂವತ್ತೊಂದು ಮಕ್ಕಳೂ ಕಿಟ್ಟಣ್ಣನ ಹೋಟೆಲಿನಲ್ಲಿ ಎಡಕ್ಕೆ ತಿರುಗಿ, ಹೊರಗೆ ಬಂದು ಸಾಲಾಗಿ ನಿಂತು ಒದ್ದೆ ಮಾಡಿಸಿಕೊಳ್ಳತೊಡಗಿದರು. ಕಿಟ್ಟಣ್ಣ ಮೆಟ್ಟಿಲ ಬಳಿ ಒಂದು ಡ್ರಮ್ಮು, ಒಂದು ಮಗ್ಗು ಇಟ್ಟ. ವಿನೋದಾ ಟೀಚರ್ ಗೇಟಿನಲ್ಲಿ ನಿಂತು ಪ್ರತಿ ಮಗುವಿನ ಬಟ್ಟೆಯ ಅಂಚನ್ನೂ ಮುಟ್ಟಿ ನೋಡಿ "ಗುಡ್" ಎಂದು ಒಳಗೆ ಬಿಡುತ್ತಾರೆ. ಸೋನಾಲಿಯ ಪ್ರವೇಶ ಖಚಿತವಾಗಿದೆ. ಡಿಸೆಂಬರಿನಲ್ಲಿ ಬೆಚ್ಚಗಿನ ನೀರು ಬಳಸಲು ಅನುಮತಿ ಕೊಡಬೇಕೆಂಬ ಪೋಷಕರ ಮನವಿಯನ್ನು ಮಂಡಳಿಯು ಸಹಾನುಭೂತಿಯಿಂದ ಪರಿಶೀಲಿಸುತ್ತಿದೆ.