ಸದಾಶಿವರಾಯರ ಹೆಸರು ತೆಗೆಯಬಾರದು

ಪುಕ್ಕಟೆ ಸಿಕ್ಕಿದ್ದಕ್ಕೂ ಒಂದು ಋಣ ಇರುತ್ತದೆ ಅಂತ ನನಗೆ ಮೊದಲು ಹೇಳಿದವರು ಬಸವಕಲ್ಯಾಣದ ನಮ್ಮ ಕಂಪ್ಯೂಟರ್ ಸೆಂಟರಿನ ಶಿವರಾಜ ಸರ್. ಆ ಋಣ ತೀರಿಸಲು ಹೋದವರ ಫಜೀತಿಗೆ ಕೊನೆಯಿಲ್ಲ ಅನ್ನುವುದನ್ನು ಅವರ ಕೈಕೆಳಗೆ ಕೆಲಸ ಮಾಡಿ ಕಲಿತೆ.

ಎರಡು ಸಾವಿರದ ಆಚೀಚಿನ ಮಾತು. ಪುಣೆಯ ಸದಾಶಿವರಾವ್ ಎಂಬ ಇಂಜಿನಿಯರು ಒಂದು ಪ್ರೋಗ್ರಾಮು ಬರೆದು, ಯಾರಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಕೊಟ್ಟಿದ್ದರು. ಸರ್ ಅದನ್ನು ತಿದ್ದಿ ಕನ್ನಡದಲ್ಲಿ ಬಿಲ್ಲು, ಆಮಂತ್ರಣ ಅಚ್ಚಾಗುವಂತೆ ಮಾಡಿದರು. ಕರಾರು ಇಷ್ಟೇ: ಸದಾಶಿವರಾಯರ ಹೆಸರು ತೆಗೆಯಬಾರದು, ಕೆಟ್ಟರೆ ಅವರನ್ನು ಕೇಳಬಾರದು. ಸರ್ ಇದನ್ನು ತೆರೆಯ ತುಂಬ ದಪ್ಪ ಅಕ್ಷರದಲ್ಲಿ ಹಾಕಿದರು. ದಿನಾ ಅದನ್ನು ದಾಟಿ ‘ಒಪ್ಪಿದೆ’ ಎಂಬ ಗುಂಡಿ ಒತ್ತಿದರೇ ಕೆಲಸ ಶುರು.

೧. ಬೀಜದ ಅಂಗಡಿ

ಹುಮನಾಬಾದಿನ ಬೀಜದ ಸಾಹುಕಾರರು ಕಂಪ್ಯೂಟರನ್ನು ಗಿರಾಕಿಗಳ ಕಡೆ ಮುಖ ಮಾಡಿ ಇಟ್ಟಿದ್ದರು, ಎಲ್ಲರೂ ನೋಡಲಿ ಅಂತ. ತೊಗರಿ ಬೀಜಕ್ಕೆ ಬಂದ ಒಬ್ಬ ರೈತ ‘ಇದಕ್ಕೆ ಯಾವ ಗ್ಯಾರಂಟಿಯೂ ಇಲ್ಲ, ಆಗುವ ನಷ್ಟಕ್ಕೆ ನಾವು ಹೊಣೆಯಲ್ಲ’ ಎಂದು ಓದಿ, ಚೀಲ ಕೆಳಗಿಟ್ಟು ಎದುರಿನ ಅಂಗಡಿಗೆ ಹೋದ.

ಸಾಹುಕಾರರು ಫೋನು ಮಾಡಿ ಹರಿಹಾಯ್ದರು. ಸರ್ ಶಾಂತವಾಗಿ, ಅದು ಪ್ರೋಗ್ರಾಮಿನ ಮಾತು, ಬೀಜಕ್ಕೆ ಗ್ಯಾರಂಟಿ ಉಂಟೆಂದು ಹೇಳಿಬಿಡಿ ಅಂದರು. ಸಾಹುಕಾರರು ದನಿ ತಗ್ಗಿಸಿದರು.

“ಅದೂ ಇಲ್ರಿ ಸರ್. ಆದ್ರ ನಾ ಬರದು ಹಾಕಂಗಿಲ್ಲ.”

೨. ಅಣ್ಣನ ಒಪ್ಪಿಗೆ

ಬಸವಕಲ್ಯಾಣದಲ್ಲೇ ಅಣ್ಣ ತಮ್ಮ ಇಬ್ಬರು ನಡೆಸುತ್ತಿದ್ದ ಬಟ್ಟೆ ಅಂಗಡಿಯಲ್ಲಿ ತಮ್ಮ ‘ಒಪ್ಪಿದೆ’ ನೋಡಿ ಕೈ ಹಿಂದೆಳೆದುಕೊಂಡ. ಅಣ್ಣನನ್ನು ಕೇಳದೆ ಅವನು ತನ್ನ ಲಗ್ನಕ್ಕೂ ಒಪ್ಪಿದವನಲ್ಲ. ಹಾಗಾಗಿ ದಿನಾ ಅಣ್ಣನವರು ಪೂಜೆ ಮುಗಿಸಿ ಬಂದು, ಚಷ್ಮಾ ಹಾಕಿ, ಪೂರ್ತಿ ಓದಿ ಒತ್ತಬೇಕು. ಅವರು ನಿರ್ಣಾ ಊರಿನ ನೆಂಟರ ಮನೆಗೆ ಹೋದರೆ ಬಿಲ್ಲು ಬಂದ್.

ತಮ್ಮನಿಗೇ ಒತ್ತಲು ಬಿಡಬಾರದೇ ಎಂದು ನಾನು ಕೇಳಿದೆ. ಅಣ್ಣನವರು ತಲೆ ಅಲ್ಲಾಡಿಸಿದರು.

“ದಿನಾ ಹೊಸದಾಗಿ ಕೇಳ್ತದ ಅಂದ್ರ ಅದಕ್ಕ ನಮ್ಮ ಮ್ಯಾಲ ಭರೋಸಾ ಇಲ್ಲ. ಅಂಥವರ ಜೋಡಿ ಸಣ್ಣವನ್ನ ಹ್ಯಾಂಗ ಬಿಡ್ಲಿ ತಂಗಿ?”

೩. ಪುಣೆಯ ಬೀಗರು

ಕಡೆಗೆ ಅಂಗಡಿಯವರೆಲ್ಲ ಒಂದೇ ಮಾತು: ಆ ಬರಹ ತೆಗೆಯಿರಿ, ಇಲ್ಲವೇ ನಿಮ್ಮ ಪ್ರೋಗ್ರಾಮು ಒಯ್ಯಿರಿ. ಪೇಟೆಯಲ್ಲಿ ಕದ್ದ ಸಿಡಿ ಸಿಗುತ್ತಿತ್ತು. ಅದು ಏನೂ ಕೇಳದೆ ತೆರೆದುಕೊಳ್ಳುತ್ತಿತ್ತು. ಹೆಸರು ಅಳಿಸಿದರೆ ನಾವೂ ಕಳ್ಳರೇ ಅಂತ ಸರ್ ಹಟ ಹಿಡಿದರು, ಏನು ಮಾಡಲೆಂದು ಸದಾಶಿವರಾಯರಿಗೇ ಪತ್ರದ ಮೇಲೆ ಪತ್ರ ಬರೆದರು. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟು ಹೋದರು. ಅಷ್ಟರಲ್ಲಿ ಸರ್‌ಗೆ ಕಿಡ್ನಿ ಕೈಕೊಟ್ಟಿತ್ತು. ಹಾಸಿಗೆಯಲ್ಲೇ ಕೂತು ಕೊನೆಯ ತಿದ್ದುಪಡಿ ಮಾಡಿದರು: ತೆರೆಯ ಮೇಲಿಂದ ಕರಾರು ತೆಗೆದು, ಅಚ್ಚಾಗುವ ಪ್ರತಿ ಹಾಳೆಯ ಬುಡದಲ್ಲಿ ಹೆಸರು ಬರುವಂತೆ. ಆಗ ಪ್ರೋಗ್ರಾಮು ಸಲೀಸಾಯಿತು. ಬಳಸುವವರು ಉಳಿದಿರಲಿಲ್ಲ.

ಅದರಲ್ಲಿ ಅಚ್ಚಾದ ಮೊದಲ ಕಾರ್ಡು, ಸರ್ ತೀರಿಕೊಂಡ ಮೇಲೆ ಮಾಡಿದ ಅವರದೇ ಶಿವಗಣಾರಾಧನೆಯದು. ಬುಡದಲ್ಲಿ: ‘ಮೂಲ ಕರ್ತೃ ಸದಾಶಿವರಾವ್, ಪುಣೆ. ಈ ಹೆಸರನ್ನು ಯಾರೂ ತೆಗೆಯಬಾರದು.’ ಅಳಿಸಲೇ ಎಂದು ಕೇಳಿದರೆ, ಇರಲಿ ಬಿಡು ಅಂದರು ಸರ್ ಹೆಂಡತಿ.

ಆರಾಧನೆಯ ದಿನ ಅಡುಗೆ ಆಗಿ, ಜನ ಹಸಿದು ಕೂತರೂ, ಓಣಿಯ ಹಿರಿಯರೊಬ್ಬರು ಕಾರ್ಡು ಹಿಡಿದು ಪಂಕ್ತಿಗೆ ಅಡ್ಡ ನಿಂತರು.

“ಹೆಸರು ತಗೀಬಾರದು ಅಂತ ಬರದಾರಂದ್ರ ದೊಡ್ಡ ಬೀಗರೇ ಇರಬೇಕು. ಪುಣೆ ಬಸ್ ಬರೂತನಕ ತಡೀರಿ.”

ನಾನು ಒಳಗೆ ಹೋಗಿ ಸರ್ ಹೆಂಡತಿಗೆ ಹೇಳಿದೆ. ಅಷ್ಟು ದಿನ ಗೋಡೆ ನೋಡುತ್ತ ಕೂತವರು ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟರು.

“ಇವರು ಅಷ್ಟು ಪತ್ರ ಬರದರ ಒಂದಕ್ಕೂ ಜವಾಬ ಕೊಡಲಿಲ್ಲ ಆ ಮನಿಷ್ಯಾ. ಊಟಕ್ಕ ಬರ್ತಾನೇನು? ಎಲಿ ಹಾಕ್ರಿ ಅನ್ನು.” ಆಮೇಲೆ ಕಣ್ಣೊರೆಸಿಕೊಂಡು, “ಅವಂಗೂ ಒಂದು ಎಲಿ ಇರ್ಲಿ. ತಗದ್ರ ಇವರು ಸಿಟ್ಟಿಗೇಳ್ತಾರ” ಅಂದರು.

ಆ ಪ್ರೋಗ್ರಾಮಿನಲ್ಲಿ ಸರ್ ತಮ್ಮ ಹೆಸರು ಎಲ್ಲೂ ಬರೆದುಕೊಂಡಿರಲಿಲ್ಲ. ಅದಕ್ಕೇ ಈ ಕಥೆಯನ್ನು ನೀವು ಯಾರಿಗಾದರೂ ಹೇಳಿ, ಉಪ್ಪು ಖಾರ ಹಚ್ಚಿ ಹೇಳಿ. ಶಿವರಾಜ ಸರ್ ಹೆಸರು ಮಾತ್ರ ತೆಗೆಯಬೇಡಿ. ಕೇಳಿದವರು ನಗುತ್ತಾರೆಂಬ ಗ್ಯಾರಂಟಿ ನನ್ನದಲ್ಲ.